ಉಪ್ಪು ಏರಿದಲ್ಲಿ ಬಾಸ್ ಇಲ್ಲ: ಲೂಸಿಯಾನದ ಜೌಗಿನಲ್ಲಿ ಗಾಳದ ಲೆಕ್ಕ ಬದಲಾದ ಬಗೆ

2025ರ ಜುಲೈನಲ್ಲಿ ಅಮೆರಿಕದ ಲೂಸಿಯಾನ ರಾಜ್ಯ ಮಿಡ್-ಬರಟೇರಿಯ ಯೋಜನೆಯನ್ನು ಕೈಬಿಟ್ಟಿತು. ಮಿಸಿಸಿಪ್ಪಿ ನದಿಯ ಒಡ್ಡಿನಲ್ಲಿ ತೂಬು ಕಟ್ಟಿ, ಕುಸಿಯುತ್ತಿರುವ ಬರಟೇರಿಯದ ಜೌಗಿಗೆ ಹೂಳು ತುಂಬಲೆಂದು ಗರಿಷ್ಠ 75,000 ಕ್ಯೂಸೆಕ್ ಕೆಸರು ನೀರು ಬಿಡುವ, ಸುಮಾರು 300 ಕೋಟಿ ಡಾಲರಿನ ಕಾಮಗಾರಿ ಅದು. ಹಣದ ಬಹುಪಾಲು 2010ರ ಬಿಪಿ ತೈಲ ಸೋರಿಕೆಯ ಪರಿಹಾರದ್ದು. 2023ರ ಆಗಸ್ಟಿನಲ್ಲಿ ಗುದ್ದಲಿ ಬಿದ್ದಿತ್ತು. ನಿಲ್ಲಿಸುವ ಹೊತ್ತಿಗೆ 50 ಕೋಟಿ ಡಾಲರಿಗೂ ಮೀರಿ ಖರ್ಚಾಗಿತ್ತು. ಪರ-ವಿರೋಧದ ಮಾತೆಲ್ಲ ಸಿಂಪಿ, ಸಿಗಡಿ, ಡಾಲ್ಫಿನ್ ಮತ್ತು ಖರ್ಚಿನ ಸುತ್ತ ನಡೆಯಿತು. ಆ ಜೌಗಿನಲ್ಲಿ ತಲೆಮಾರುಗಳಿಂದ ಬಾಸ್ ಮೀನಿಗೆ ಗಾಳ ಹಾಕುತ್ತ ಬಂದವರ ದನಿ ಕೇಳಿದ್ದು ಕಡಿಮೆ. ಆದರೆ ಆ ಮೀನಿನ ಪಾಡು ಪೂರಾ ನಿಂತಿರುವುದು ಇಂಥ ತೀರ್ಮಾನಗಳ ಮೇಲೆಯೇ.

ಬಾಸ್ ಹಿಡಿಯುವ ಬಗೆ ಬದಲಾದದ್ದನ್ನು ಹೇಳಹೊರಟವರು ಸಾಮಾನ್ಯವಾಗಿ ಸಲಕರಣೆಯ ಕತೆ ಹೇಳುತ್ತಾರೆ: ಬಿದಿರ ಕೋಲಿನಿಂದ ಕಾರ್ಬನ್ ಕೋಲಿಗೆ, ಸೈಪ್ರೆಸ್ ಮರದ ಪಿರೋಗ್ ದೋಣಿಯಿಂದ ಜಿಪಿಎಸ್ ಇರುವ ದೋಣಿಗೆ. ಲೂಸಿಯಾನದ ಮಟ್ಟಿಗೆ ಅದು ಅರ್ಧ ಕತೆಯೂ ಅಲ್ಲ. ಎಲ್ಲಿ ಬಾಸ್ ಇದೆ, ಎಲ್ಲಿ ಇಲ್ಲ ಎಂಬುದನ್ನು ಅಲ್ಲಿ ತೀರ್ಮಾನಿಸುವುದು ನೀರಿನ ಉಪ್ಪು. ಆ ಉಪ್ಪನ್ನು ಹಿಂದೆ ತಳ್ಳುವ ನದಿ ನೀರಿನ ಕೀಲಿ ಈಗ ಎಂಜಿನಿಯರುಗಳ ಮತ್ತು ಸರ್ಕಾರದ ಕೈಯಲ್ಲಿದೆ.

ಮೊದಲು ಮೀನಿನ ವಿಷಯ. ಇಲ್ಲಿ ಹೇಳುತ್ತಿರುವುದು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡಬಾಯಿಯ ಸಿಹಿನೀರಿನ ಬಾಸ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಸ್‌ಗೆ ಹಿತವಾದದ್ದು 4 ಗ್ರಾಮಿನೊಳಗಿನ ನೀರು. ಬಲಿತ ಮೀನು 8 ಗ್ರಾಮಿನವರೆಗೂ ಹೇಗೋ ತಡೆದುಕೊಳ್ಳುತ್ತದೆ, ಆದರೆ ಬೆಳವಣಿಗೆ ಕುಂಠಿತವಾಗುತ್ತದೆ. 12ರ ಹತ್ತಿರ ಬಂದರೆ ಮೇಯುವುದನ್ನೇ ಬಿಡುತ್ತದೆ. ಮೊಟ್ಟೆಗೆ ಈ ತಾಳಿಕೆಯೂ ಇಲ್ಲ: 4 ಗ್ರಾಂ ದಾಟಿದ ನೀರಿನಲ್ಲಿ ಮರಿಯಾಗುವ ಪ್ರಮಾಣ ಬೇಗ ಇಳಿಯುತ್ತದೆ. ಹೀಗಾಗಿ ಒಂದು ಕೊಳದಲ್ಲಿ ದೊಡ್ಡ ಬಾಸ್ ಸಿಗುತ್ತಿವೆ, ಸಣ್ಣವು ಇಲ್ಲವೇ ಇಲ್ಲ ಎಂದಾದರೆ ಖುಷಿಪಡುವಂತಿಲ್ಲ. ಮೊಟ್ಟೆಯಿಡುವ ಫೆಬ್ರವರಿ-ಮಾರ್ಚ್ ಹೊತ್ತಿಗೆ ಅಲ್ಲಿ ಉಪ್ಪು ನುಗ್ಗಿರುವ ಸಾಧ್ಯತೆ ಹೆಚ್ಚು. ಇನ್ನೆರಡು ವರ್ಷಕ್ಕೆ ಆ ಕೊಳ ಖಾಲಿ.

ಜೌಗಿನ ಬಾಸ್ ಕೆರೆಯ ಬಾಸ್‌ನಷ್ಟು ದೊಡ್ಡದಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅರ್ಧ ಕಿಲೋದಿಂದ ಒಂದು ಕಿಲೋ ಸಾಮಾನ್ಯ. ಎರಡೂವರೆ ಕಿಲೋ ಸಿಕ್ಕರೆ ಊರಿಗೆಲ್ಲ ಸುದ್ದಿ. ನೀಲಿ ಏಡಿ, ಸಿಗಡಿ, ಸಣ್ಣ ಮೀನು ತಿಂದು ಮೈ ಗುಂಡಗಿರುತ್ತದೆ, ಆದರೆ ಬೇಸಿಗೆಯ ಬಿಸಿನೀರು ಮತ್ತು ಏರಿಳಿಯುವ ಉಪ್ಪಿನಲ್ಲಿ ತಿಂದದ್ದರಲ್ಲಿ ಬಹಳಷ್ಟು ಜೀವ ಹಿಡಿದುಕೊಳ್ಳುವುದಕ್ಕೇ ಹೋಗುತ್ತದೆ. ಆಯಸ್ಸೂ ಕಡಿಮೆ. ಫ್ಲಾರಿಡಾದ ಕೆರೆಗಳ ಫೋಟೊ ನೋಡಿಕೊಂಡು ಇಲ್ಲಿಗೆ ಬರುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿನ ಆಕರ್ಷಣೆ ಸಂಖ್ಯೆ: ಒಳ್ಳೆಯ ದಿನ ಒಂದೇ ಕಾಲುವೆಯಲ್ಲಿ ಹತ್ತಾರು.

ಉಪ್ಪು ಒಳಗೆ ಬಂದದ್ದು ಹೇಗೆ

1927ರ ಮಹಾಪ್ರವಾಹದ ನಂತರ ಮಿಸಿಸಿಪ್ಪಿಯ ಎರಡೂ ದಂಡೆಗೆ ಎತ್ತರದ ಒಡ್ಡು ಬಿತ್ತು. ಊರುಗಳು ಉಳಿದವು. ಆದರೆ ವರ್ಷ ವರ್ಷವೂ ಉಕ್ಕಿ ಹರಿದು ಜೌಗಿಗೆ ಹೂಳು ಹರಡುತ್ತಿದ್ದ ನದಿ ಕೊಳವೆಯೊಳಗಿನ ನೀರಿನಂತೆ ನೇರ ಮೆಕ್ಸಿಕೋ ಕೊಲ್ಲಿ ಸೇರತೊಡಗಿತು. ಹೂಳು ಸಿಗದ ಜೌಗು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಅದರ ಮೇಲೆ ತೈಲ ಮತ್ತು ಅನಿಲ ಕಂಪನಿಗಳು ಕೊರೆದ ಕಾಲುವೆಗಳ ಜಾಲ, ಒಟ್ಟು ಉದ್ದ ಸುಮಾರು 16,000 ಕಿಲೋಮೀಟರ್. ತೋಡಿದ ಮಣ್ಣನ್ನು ದಂಡೆಯ ಮೇಲೆ ರಾಶಿ ಹಾಕಿದ್ದರಿಂದ ಒಂದು ಕಡೆ ಮಳೆನೀರು ಹರಿಯದೆ ನಿಂತಿತು, ಇನ್ನೊಂದು ಕಡೆ ನೇರ ಕಾಲುವೆ ಹಿಡಿದು ಉಪ್ಪುನೀರು ಒಳನಾಡಿಗೆ ಬಂತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೆಕ್ಕದಲ್ಲಿ 1932ರಿಂದ 2016ರ ನಡುವೆ ಕರಾವಳಿ ಲೂಸಿಯಾನ ಕಳೆದುಕೊಂಡ ನೆಲ ಸುಮಾರು 4,833 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ ಇಷ್ಟು ದೊಡ್ಡದಿಲ್ಲ.

ಎಲ್ಲಕ್ಕಿಂತ ಕುಖ್ಯಾತವಾದದ್ದು ಮಿಸ್ಟರ್-ಗೋ ಎಂದು ಜನ ಕರೆಯುವ ಹಡಗುಗಾಲುವೆ. ನ್ಯೂ ಆರ್ಲಿಯನ್ಸ್ ಬಂದರಿಗೆ ಅಡ್ಡದಾರಿಯಾಗಲೆಂದು 1960ರ ದಶಕದಲ್ಲಿ ತೋಡಿದ ಇದು ಸೇಂಟ್ ಬರ್ನಾರ್ಡ್ ಪ್ರದೇಶದ ಸೈಪ್ರೆಸ್ ಕಾಡನ್ನು ಉಪ್ಪಿನಿಂದ ಒಣಗಿಸಿತು. 2009ರಲ್ಲಿ ಬಾಯೂ ಲಾ ಲೂಟ್ರ ಬಳಿ ಕಲ್ಲಿನ ಅಡ್ಡಗಟ್ಟೆ ಹಾಕಿ ಮುಚ್ಚಿದ ಮೇಲೆ ಅದರ ಹಿಂದಿನ ಜೌಗಿನಲ್ಲಿ ಉಪ್ಪು ಇಳಿಯಿತು. ಐವತ್ತು ವರ್ಷದ ಹಾನಿಯನ್ನು ಒಂದು ಕಲ್ಲುಗಟ್ಟೆ ತಿದ್ದಲಾರದು, ಸರಿ. ಆದರೆ ನೀರು ಸಿಹಿಯಾದರೆ ಮೀನು ಎಷ್ಟು ಬೇಗ ಅದರ ಹಿಂದೆ ಬರುತ್ತದೆಂಬುದು ಕಾಣಲು ಇದು ಸಾಕು.

ತೂಬಿನ ಕೆಳಗೆ ಬೆಳೆದ ಮೀನು

ಇದರ ಇನ್ನೂ ಸ್ಪಷ್ಟ ಉದಾಹರಣೆ ಎರಡು ತೂಬುಗಳು. ನ್ಯೂ ಆರ್ಲಿಯನ್ಸಿನ ಕೆಳಗೆ ಪೂರ್ವ ದಂಡೆಯ ಕರ್ನಾರ್ವನ್ ತೂಬು 1991ರಲ್ಲಿ ಶುರುವಾಯಿತು, ಗರಿಷ್ಠ 8,000 ಕ್ಯೂಸೆಕ್. ಪಶ್ಚಿಮದ ಡೇವಿಸ್ ಪಾಂಡ್ 2002ರದ್ದು, 10,650 ಕ್ಯೂಸೆಕ್. ಕೆಆರ್‌ಎಸ್ ಹೊರಹರಿವಿನ ಅಂಕಿ ದಿನಾ ಓದುವ ನಮಗೆ ಇದು ದೊಡ್ಡ ಪ್ರಮಾಣ ಎನಿಸದು. ಆದರೆ ಎರಡು-ಮೂರು ಅಡಿ ಆಳದ ಕೊಳಗಳ ನಾಡಿನಲ್ಲಿ ಇಷ್ಟು ನೀರು ವಾರಗಟ್ಟಲೆ ಹರಿದರೆ ಉಪ್ಪಿನ ಗೆರೆ ಮೈಲಿಗಟ್ಟಲೆ ಸಮುದ್ರದ ಕಡೆಗೆ ಸರಿಯುತ್ತದೆ.

ಕರ್ನಾರ್ವನ್ ಕೆಳಗಿನ ಡೆಲಕ್ರೋ, ಕೆನರಿ ದ್ವೀಪಗಳಿಂದ ಬಂದವರ ಸಂತತಿಯ ಸಣ್ಣ ಮೀನುಗಾರ ಊರು. ತೂಬು ಬಂದ ಮೇಲೆ ಅಲ್ಲಿನ ಕೊಳಗಳಲ್ಲಿ ಮಿಲ್ಫಾಯಿಲ್, ಕೂನ್‌ಟೇಲ್‌ನಂಥ ಮುಳುಗುಸಸ್ಯ ತುಂಬಿ, ಸಮುದ್ರಮೀನಿನ ಜಾಗದಲ್ಲಿ ಬಾಸ್ ಸೇರಿಕೊಂಡವು. ಕಟಾವೋಚಿ ಸರೋವರದ ಕತೆಯೂ ಅದೇ. ಡೇವಿಸ್ ಪಾಂಡ್ ನೀರು ಬಿದ್ದ ಮೇಲೆ ತಳದಲ್ಲಿ ಸಸ್ಯ ಹಬ್ಬಿತು. ಬಾಸ್ ಹಿಡಿಯುವ ವೃತ್ತಿಪರರ ದೊಡ್ಡ ಪಂದ್ಯವಾದ ಬಾಸ್‌ಮಾಸ್ಟರ್ ಕ್ಲಾಸಿಕ್‌ನಲ್ಲಿ 2011ರಲ್ಲಿ ಕೆವಿನ್ ವ್ಯಾನ್‌ಡ್ಯಾಮ್ ಆ ನೀರಿನಲ್ಲೇ ಮೂರು ದಿನಕ್ಕೆ 15 ಮೀನು, ಒಟ್ಟು 69 ಪೌಂಡ್ 11 ಔನ್ಸ್ ತೂಗಿಸಿ ಗೆದ್ದರು. ಸರಾಸರಿ ಎರಡು ಕಿಲೋದ ಮೇಲೆ. ಜೌಗಿನ ಬಾಸ್ ಸಣ್ಣದು ಎಂದು ಮೇಲೆ ಹೇಳಿದ ಮಾತನ್ನು ಈ ಅಂಕಿ ಸುಳ್ಳಾಗಿಸುವಂತಿದೆ. ಹಾಗಲ್ಲ, ಸಿಹಿನೀರು ಎಡೆಬಿಡದೆ ಕೆಲವು ವರ್ಷ ಸಿಕ್ಕರೆ ಜೌಗು ಏನು ಕೊಡಬಲ್ಲದು ಎಂಬುದರ ಮೇಲ್ಮಿತಿ ಅದು.

ಇದರ ಖರ್ಚು ತೆತ್ತವರೂ ಇದ್ದಾರೆ. ಸಿಂಪಿಗೆ ತೀರ ಸಿಹಿನೀರು ಆಗದು. ಕರ್ನಾರ್ವನ್ ನೀರಿನಿಂದ ತಮ್ಮ ಹಾಸುಗಳು ಹಾಳಾದವೆಂದು ಸಿಂಪಿ ಬೆಳೆಗಾರರು ಹೂಡಿದ ದಾವೆಯಲ್ಲಿ ಕೆಳ ನ್ಯಾಯಾಲಯ ನೂರು ಕೋಟಿ ಡಾಲರಿಗೂ ಮೀರಿ ಪರಿಹಾರ ಕೊಡಿಸಿತ್ತು; ರಾಜ್ಯದ ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ರದ್ದುಮಾಡಿತು. ಬಾಸ್ ಪರ ವಾದಿಸುವವರು ಈ ಜನರನ್ನು ಅಡ್ಡಗಾಲೆಂದು ತಳ್ಳಿಹಾಕುವುದು ಅನ್ಯಾಯ. ಬಾಸ್ ಇಲ್ಲಿ ಮೋಜಿನ ಮೀನು, ಸಿಂಪಿ ಹೊಟ್ಟೆಪಾಡು. ಮಿಡ್-ಬರಟೇರಿಯ ಬಿದ್ದುಹೋದದ್ದರಲ್ಲಿ ಈ ವ್ಯತ್ಯಾಸಕ್ಕೂ ಪಾಲಿದೆ.

ಬಿರುಗಾಳಿಯ ನಂತರದ ವಾರ

ಕಟ್ರೀನಾ 2005ರ ಆಗಸ್ಟ್ 29ರಂದು, ಐಡಾ 2021ರ ಆಗಸ್ಟ್ 29ರಂದು ಬಡಿದವು. ತಾರೀಖು ಕಾಕತಾಳೀಯ ಇರಬಹುದು, ಕಾಲ ಮಾತ್ರ ಮೀನಿಗೆ ಅತಿ ಕೆಟ್ಟದ್ದು: ನೀರಿನ ಬಿಸಿ 30 ಡಿಗ್ರಿಯ ಆಸುಪಾಸು, ಕರಗಿದ ಆಮ್ಲಜನಕ ಮೊದಲೇ ಕಡಿಮೆ. ಬಿರುಗಾಳಿಯ ಉಪ್ಪುನೀರಿನಿಂದ ಮೀನು ಸತ್ತವು ಎಂದು ಹೇಳುವುದುಂಟು, ಆದರೆ ಬಹುಪಾಲು ಸಾಯುವುದು ಉಸಿರುಕಟ್ಟಿ. ಅಲೆ ತಳದ ಕೊಳೆತ ಕೆಸರನ್ನು ಕದಡುತ್ತದೆ, ಗಾಳಿ ಮರಗಳ ಹಸಿ ಎಲೆಯನ್ನೆಲ್ಲ ನೀರಿಗೆ ಉದುರಿಸುತ್ತದೆ; ಅದು ಕೊಳೆಯುವಾಗ ಆಮ್ಲಜನಕ ಪೂರಾ ಇಂಗಿ ನೀರು ಕಪ್ಪಾಗುತ್ತದೆ. ಸಾವು ಕಾಣುವುದು ಗಾಳಿ ನಿಂತ ಎರಡು ಮೂರು ದಿನದ ಮೇಲೆ.

ಆಮೇಲೆ ಚೇತರಿಕೆ. ಅಳಿದುಳಿದ ಬಾಸ್‌ಗಳ ಮರಿಗೆ ಪೈಪೋಟಿ ಇಲ್ಲ, ಒಂದೆರಡು ವರ್ಷಕ್ಕೆ ಅವು ಮೊಟ್ಟೆಯಿಡುವ ವಯಸ್ಸಿಗೆ ಬರುತ್ತವೆ, ನೀರು ಸಿಹಿಯಾಗಿದ್ದರೆ ಎರಡು ಮೂರು ವರ್ಷದಲ್ಲಿ ಗಾಳಕ್ಕೆ ತಕ್ಕ ಸಂಖ್ಯೆ ಮರಳುತ್ತದೆ. ರಾಜ್ಯದ ವನ್ಯಜೀವಿ ಮತ್ತು ಮೀನುಗಾರಿಕೆ ಇಲಾಖೆ ಮರಿ ತಂದು ಬಿಡುವುದೂ ಇದೆ. ಮರಳದೇ ಹೋಗುವುದು ನೆಲ. ಕಟ್ರೀನಾ ಮತ್ತು ಅದೇ ವರ್ಷದ ರೀಟಾ ಸೇರಿ 500 ಚದರ ಕಿಲೋಮೀಟರಿಗೂ ಹೆಚ್ಚು ಜೌಗನ್ನು ನೀರಾಗಿಸಿದವು. ಕರ್ನಾರ್ವನ್ ಕೆಳಗೆ ಹಾನಿ ವಿಪರೀತವಾಗಿತ್ತು. ನದಿಯ ಗೊಬ್ಬರಯುಕ್ತ ಸಿಹಿನೀರು ಕುಡಿದ ಹುಲ್ಲು ಬೇರನ್ನು ಆಳಕ್ಕೆ ಬಿಡದೆ ಸುಲಭವಾಗಿ ಕಿತ್ತುಬಂತು ಎನ್ನುವ ವಿಜ್ಞಾನಿಗಳಿದ್ದಾರೆ. ಬಿರುಗಾಳಿಯ ದಾರಿಯೇ ಕಾರಣ ಎನ್ನುವವರೂ ಇದ್ದಾರೆ. ತೂಬಿನ ವಾದದ ಎರಡೂ ಬದಿಯವರು ತಮಗೆ ಬೇಕಾದ ಅರ್ಧವನ್ನಷ್ಟೇ ಎತ್ತಿ ಹೇಳುವುದು ರೂಢಿಯಾಗಿದೆ.

ಹುಲ್ಲು, ಕಳೆ, ಹುಳು

ಬಾಸ್‌ಗೆ ಸಸ್ಯ ಬೇಕು, ಆದರೆ ನೀರಿನೊಳಗಿನದು. ಮೇಲೆ ಚಾಪೆ ಹಾಸಿದಂತೆ ಬೆಳೆಯುವುದು ಅತಿಯಾದರೆ ಬೆಳಕು ತಡೆದು, ಕೆಳಗಿನ ಸಸ್ಯ ಕೊಂದು, ಆಮ್ಲಜನಕ ತಿಂದುಬಿಡುತ್ತದೆ. ನಮ್ಮ ಕೆರೆಗಳನ್ನು ನುಂಗುವ ನೇರಳೆ ಹೂವಿನ ಅಂತರಗಂಗೆಯೇ ಅಲ್ಲಿಯೂ ನೂರು ವರ್ಷಕ್ಕೂ ಮೀರಿದ ಪೀಡೆ. ಅದರ ಜೊತೆಗೆ 1990ರ ದಶಕದ ಕೊನೆಯಲ್ಲಿ ಜೈಂಟ್ ಸಾಲ್ವಿನಿಯಾ ಸೇರಿಕೊಂಡಿತು. ಬ್ರೆಜಿಲ್ ಮೂಲದ ಈ ಕಳೆಗೆ ಮದ್ದು ಅದೇ ನಾಡಿನ ಒಂದು ಪುಟ್ಟ ಮೂತಿಹುಳು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ 1980ರ ದಶಕದ ಮೊದಲರ್ಧದಲ್ಲೇ ಆ ಹುಳುವನ್ನು ನಗರದ ಒಂದು ನೈದಿಲೆ ಕೊಳಕ್ಕೆ ಬಿಟ್ಟು ಒಂದು ವರ್ಷದೊಳಗೆ ಕಳೆಯನ್ನು ಅಡಗಿಸಿತ್ತು. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯವರು ಈಗ ಕೊಳಗಳಲ್ಲಿ ಅದೇ ಹುಳು ಸಾಕಿ ಹಂಚುತ್ತಾರೆ. ಬೆಂಗಳೂರಿನಲ್ಲಿಲ್ಲದ ತೊಡಕು ಅಲ್ಲೊಂದಿದೆ: ನೀರು ಹೆಪ್ಪುಗಟ್ಟುವ ಚಳಿ ಬಂದ ವರ್ಷ ಹುಳು ಸಾಯುತ್ತದೆ, ಕಳೆ ಬದುಕುತ್ತದೆ. 2021ರ ಫೆಬ್ರವರಿಯಂಥ ಚಳಿಯ ನಂತರ ಮತ್ತೆ ಮೊದಲಿನಿಂದ ಹುಳು ಬಿಡಬೇಕು.

ಮಿಸಿಸಿಪ್ಪಿಯ ಬಾಯಿಯಲ್ಲಿರುವ ವೆನಿಸ್ ಎಂಬ ಊರಿನ ಕಡೆ ಚಿಂತೆ ಬೇರೆ. ಅಲ್ಲಿನ ದಂಡೆ ಹಿಡಿದಿರುವುದು ಆಳೆತ್ತರ ಮೀರುವ ರೋಸೋ ಜೊಂಡು. 2016-17ರ ಸುಮಾರಿಗೆ ಏಷ್ಯಾ ಮೂಲದ ಒಂದು ಶಲ್ಕ ಕೀಟ ಅದರ ಕಾಂಡದಲ್ಲಿ ಪತ್ತೆಯಾಯಿತು. ಜೊಂಡು ವಿಸ್ತಾರವಾಗಿ ಸಾಯುತ್ತಿದೆ. ಬಾಸ್ ಒರಗಿ ನಿಲ್ಲುತ್ತಿದ್ದ ಜೊಂಡಿನ ಗೋಡೆ ಹೋದ ಕಡೆ ಬಯಲು ನೀರು ಉಳಿಯುತ್ತಿದೆ.

ಇವತ್ತು ಗಾಳ ಹಾಕುವವರ ಲೆಕ್ಕ

ಹಿಂದಿನವರು ಜಾಗ ನೆನಪಿಟ್ಟುಕೊಳ್ಳುತ್ತಿದ್ದರು. ಈಗ ಜಾಗದ ನೆನಪಿಗಿಂತ ಆ ವಾರದ ಅಂಕಿ ಮುಖ್ಯ. ಮೊದಲನೆಯದು ನ್ಯೂ ಆರ್ಲಿಯನ್ಸಿನ ಕ್ಯಾರಲ್ಟನ್ ಗೇಜಿನಲ್ಲಿ ನದಿಯ ಮಟ್ಟ. ವೆನಿಸ್ ಕಡೆಗೆ ಹೋಗುವುದಿದ್ದರೆ ಅದು 4-5 ಅಡಿಗಿಂತ ಕೆಳಗಿರಬೇಕು, ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಅದಕ್ಕಿಂತ ಮೇಲಿದ್ದರೆ ಕಾಫಿ ಬಣ್ಣದ ನೀರು ಕೊಳಗಳಿಗೆಲ್ಲ ನುಗ್ಗಿ ಮೀನಿಗೆ ಎರೆ ಕಾಣದು. ತೀರ ಇಳಿದರೂ ತೊಂದರೆ: ನದಿಯ ತಳ ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಭಾರವಾದ ಉಪ್ಪುನೀರು ತಳ ಹಿಡಿದು ಮೇಲಕ್ಕೆ ತೆವಳುತ್ತದೆ. 2023ರಲ್ಲಿ ಸೇನಾ ಎಂಜಿನಿಯರುಗಳು ನದಿಯೊಳಗೆ ಅಡ್ಡದಿಬ್ಬ ಹಾಕಿ ಅದನ್ನು ತಡೆಯಬೇಕಾಯಿತು, ಅದೂ ಕುಡಿಯುವ ನೀರು ಕಾಪಾಡಲು.

ಎರಡನೆಯದು ಉಪ್ಪು. ಕರಾವಳಿಯುದ್ದಕ್ಕೂ ಸುಮಾರು 390 ಕಡೆ ಇರುವ, ಜೌಗಿನ ಮೇಲೆ ನಿಗಾ ಇಡುವ ಸಿಆರ್‌ಎಂಎಸ್ ಜಾಲದ ಮಾಪನ ಕೇಂದ್ರಗಳ ಅಂಕಿಗಳು ಸಾರ್ವಜನಿಕರಿಗೆ ತೆರೆದಿವೆ. ಒಂದು ದಿನದ ಅಂಕಿಯನ್ನು ನಂಬಬಾರದು. ಹಿಂದಿನ ಮೂರು ತಿಂಗಳ ಗೆರೆ ನೋಡಬೇಕು. ಗೆರೆ 3-4ರ ಕೆಳಗೇ ಉಳಿದಿದ್ದರೆ ಹೋಗಬಹುದು. ಮೊನ್ನೆಯಷ್ಟೇ ಇಳಿದಿದ್ದರೆ ಮೀನು ಇನ್ನೂ ಬಂದಿರುವುದಿಲ್ಲ. ಅಂಕಿ ಸಿಗದಿದ್ದಲ್ಲಿ ಕಣ್ಣಿಗೆ ಕಾಣುವ ಗುರುತುಗಳಿವೆ: ಮರದ ಕಂಬಕ್ಕೆ ಗಟ್ಟಿ ಚಿಪ್ಪಿನ ಬಾರ್ನಕಲ್ ಅಂಟಿದ್ದರೆ ಉಪ್ಪು ಹೆಚ್ಚು. ಕೂನ್‌ಟೇಲ್, ನೈದಿಲೆ ಎಲೆ ಇದ್ದರೆ ಸಿಹಿ. ಬಾಸ್‌ಗೆಂದು ಎಸೆದ ಎರೆಗೆ ಒಂದರ ಹಿಂದೊಂದು ಉಪ್ಪುನೀರಿನ ಮೀನಾದ ರೆಡ್‌ಫಿಶ್ ಹತ್ತುತ್ತಿದ್ದರೆ ಇನ್ನೊಂದಷ್ಟು ಮೈಲಿ ಒಳನಾಡಿಗೆ ಸರಿಯುವುದೇ ಸರಿ.

ಮೂರನೆಯದು ಗಾಳಿ. ಮಂಗಳೂರು-ಕಾರವಾರದವರಿಗೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ರೂಢಿ. ಲೂಸಿಯಾನದ ಕರಾವಳಿಯಲ್ಲಿ ಬಹುತೇಕ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ, ಅದೂ ಒಂದಡಿಯ ಸುಮಾರು. ಹಾಗಾಗಿ ಉಬ್ಬರದ ಪಟ್ಟಿಗಿಂತ ಗಾಳಿಯೇ ನೀರನ್ನು ಆಳುತ್ತದೆ. ಆಗ್ನೇಯದ ಗಾಳಿ ಎರಡು ಮೂರು ದಿನ ಬೀಸಿದರೆ ಕೊಲ್ಲಿಯ ನೀರು ಉಪ್ಪಿನ ಸಮೇತ ಒಳಗೆ. ಚಳಿಗಾಲದ ಉತ್ತರದ ಗಾಳಿ ಎದ್ದರೆ ಒಂದೇ ರಾತ್ರಿ ಎರಡಡಿ ನೀರು ಹೊರಗೆ. ಸಂಜೆ ತೇಲುತ್ತ ಹೋದ ದೋಣಿ ಬೆಳಿಗ್ಗೆ ಕೆಸರಿನ ಮೇಲೆ ಕುಳಿತಿರುತ್ತದೆ.

ನೀರು ಇಳಿಯುವ ಹೊತ್ತೇ ಗಾಳಕ್ಕೆ ಒಳ್ಳೆಯದು. ಹಳಬರು ಪಿರೋಗ್ ದಾಟಿಸಲು ಕಡಿದ ಟ್ರೆನಾಸ್ ಎಂಬ ಕಿರುಗಾಲುವೆಗಳಿಂದ ಏಡಿ, ಸಣ್ಣ ಮೀನು ದೊಡ್ಡ ಕಾಲುವೆಗೆ ಹರಿದುಬರುತ್ತವೆ. ಬಾಸ್ ಆ ಬಾಯಿಯ ಕೆಳಮಗ್ಗುಲಿಗೆ, ಹರಿವಿನಿಂದ ತುಸು ಪಕ್ಕಕ್ಕೆ ಕಾದಿರುತ್ತದೆ. ಎರೆಯನ್ನು ಕಾಲುವೆಯೊಳಗೆ ಎಸೆದು ಹರಿವಿನೊಂದಿಗೆ ಹೊರಬರಲು ಬಿಡಬೇಕು. ಹರಿವಿಗೆ ಎದುರಾಗಿ ಎಳೆದರೆ ಮೀನು ಅದನ್ನು ಊಟವೆಂದು ನಂಬುವುದಿಲ್ಲ. ತುಸು ಕಲಕಿದ ನೀರಿಗೆ 7ರಿಂದ 10 ಗ್ರಾಮಿನ, ಚಿನ್ನದ ಬಣ್ಣದ ತಗಡಿನ ಸ್ಪಿನ್ನರ್‌ಬೇಟ್. ತಿಳಿನೀರಿಗೆ 5-7 ಗ್ರಾಮಿನ ಗುಂಡು ಮುಂದಿರುವ, ಕೊಕ್ಕೆಯ ತುದಿ ಒಳಗೆ ಹುದುಗಿಸಿದ ನಾಲ್ಕಿಂಚಿನ ಪ್ಲಾಸ್ಟಿಕ್ ಹುಳು.

ಚಾಪೆಗಟ್ಟಿದ ಕಳೆ ಇರುವಲ್ಲಿ ಕೆಲಸ ಬೇರೆ. ಟೊಳ್ಳು ರಬ್ಬರ್ ಕಪ್ಪೆಯನ್ನು ಮೇಲೆ ಎಳೆಯುವವರು 50-65 ಪೌಂಡಿನ ಹೆಣೆದ ದಾರ ಕಟ್ಟುತ್ತಾರೆ, ಮೀನಿನ ಜೊತೆ ಕಿಲೋಗಟ್ಟಲೆ ಸೊಪ್ಪೂ ಬರುವುದರಿಂದ. ಹೊಸಬರು ತಪ್ಪುವುದು ಒಂದೇ ಕಡೆ: ನೀರು ಚಿಮ್ಮಿದ ಕೂಡಲೆ ಎಳೆಯುತ್ತಾರೆ. ಆಗ ಕಪ್ಪೆ ಮೀನಿನ ತುಟಿಯ ಮೇಲಿರುತ್ತದೆ, ಬಾಯೊಳಗಲ್ಲ. ದಾರಕ್ಕೆ ಭಾರ ತಗಲುವವರೆಗೆ ಕಾದು ಎಳೆಯಬೇಕು. ಚಾಪೆಯನ್ನು ತೂರಿಸಿ ಕೆಳಗಿಳಿಸುವುದಿದ್ದರೆ 28ರಿಂದ 42 ಗ್ರಾಮಿನ ಟಂಗ್‌ಸ್ಟನ್ ಗುಂಡು, ಅದರ ಮೇಲೆ ರಬ್ಬರ್ ತಡೆ. ತಡೆ ಮರೆತರೆ ಗುಂಡು ತೂರಿ ಹೋಗುತ್ತದೆ, ಹುಳು ಸೊಪ್ಪಿನ ಮೇಲೇ ಉಳಿಯುತ್ತದೆ.

ಎಲೆಕ್ಟ್ರಾನಿಕ್ಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ದೋಣಿಯ ಮುಂದಿನ ಮೀನನ್ನು ಪರದೆಯಲ್ಲಿ ತೋರಿಸುವ, 2018ರಿಂದ ಬಂದ ಮುನ್ನೋಟದ ಸೋನಾರ್ ಆಳದ ಸರೋವರಗಳಲ್ಲಿ ಪಂದ್ಯದ ಚಹರೆಯನ್ನೇ ಬದಲಿಸಿ ಜಗಳಕ್ಕೆ ಕಾರಣವಾಗಿದೆ, ಆದರೆ ಎರಡಡಿ ನೀರಿನ ಸೊಪ್ಪಿನಲ್ಲಿ ಪರದೆಯ ಮೇಲೆ ಸೊಪ್ಪೇ ಕಾಣುತ್ತದೆ. ಜೌಗಿಗೆ ನಿಜವಾಗಿ ಉಪಕಾರ ಮಾಡಿದ್ದು ಎರಡು: ಜಾಗದಲ್ಲೇ ಸದ್ದಿಲ್ಲದೆ ನಿಲ್ಲಿಸುವ, ಜಿಪಿಎಸ್‌ಗೆ ಬೆಸೆದ ವಿದ್ಯುತ್ ಮೋಟಾರು, ಮತ್ತು ಬ್ಯಾಟನ್ ರೂಜ್‌ನಲ್ಲಿ 1977ರಲ್ಲಿ ಗೋ-ಡೆವಿಲ್ ಹೆಸರಿನಲ್ಲಿ ಶುರುವಾದ, ಕೆಸರಿನಲ್ಲೂ ಓಡುವ ಉದ್ದ ದಂಡದ ಮಡ್ ಮೋಟಾರು.

ಯಾರ ನೀರು

ದೋಣಿ ಹೋಗಬಲ್ಲ ಕಡೆಗೆಲ್ಲ ಈಗ ಹೋಗುವಂತಿಲ್ಲ, ಇದು ಹೊಸ ತಲೆಮಾರಿನ ದೊಡ್ಡ ದೂರು. 1812ರಲ್ಲಿ ಲೂಸಿಯಾನ ರಾಜ್ಯವಾದಾಗ ದೋಣಿ ಸಾಗುತ್ತಿದ್ದ ನೀರಿನ ತಳ ಸರ್ಕಾರದ್ದು. ಆಗ ಒಣ ಜೌಗಾಗಿದ್ದು ಆಮೇಲೆ ಮುಳುಗಿದ್ದು ಯಾರದು ಎಂಬಲ್ಲಿ ತಕರಾರು. ಪತ್ರದಲ್ಲಿ ಜಮೀನು, ಕಣ್ಣಿಗೆ ಸರೋವರ. ಕೆಳಗಿನ ತೈಲ-ಅನಿಲದ ಹಕ್ಕು ಕೈತಪ್ಪೀತೆಂಬ ಭಯ ಮಾಲೀಕರಿಗೆ. ಖಾಸಗಿ ನೆಲದಲ್ಲಿ ತೋಡಿದ ಕಾಲುವೆಗೆ ಗೇಟು, ಸರಪಳಿ, ಫಲಕ. ಉಬ್ಬರದ ನೀರನ್ನು ಸಾರ್ವಜನಿಕರಿಗೆ ತೆರೆಯುವ ಮಸೂದೆ 2018ರಲ್ಲಿ ರಾಜ್ಯದ ಕೆಳಮನೆಯಲ್ಲಿ ಬಿದ್ದುಹೋಯಿತು. ಅದಕ್ಕೆ ಹಿಂದಿನ ವರ್ಷವೇ ಬಾಸ್‌ಮಾಸ್ಟರ್ ಪಂದ್ಯಗಳನ್ನು ನಡೆಸುವ ಬಿ.ಎ.ಎಸ್.ಎಸ್. ಸಂಸ್ಥೆ, ಈ ತಕರಾರಿನಿಂದಾಗಿ ಅಲ್ಲಿನ ಉಬ್ಬರದ ನೀರಿನಲ್ಲಿ ಪಂದ್ಯ ನಡೆಸುವುದಿಲ್ಲ ಎಂದಿತ್ತು. ವ್ಯಾನ್‌ಡ್ಯಾಮ್ ಗೆದ್ದಂಥ ಪಂದ್ಯ ಅಲ್ಲಿಗೆ ಮರಳದಿರುವುದಕ್ಕೆ ಮೀನಿನ ಕೊರತೆ ಕಾರಣವಲ್ಲ, ಗೇಟು ಕಾರಣ. ಹೊರಗಿನಿಂದ ಹೋಗುವವರು ನಕ್ಷೆಯಲ್ಲಿ ನೀಲಿ ಕಂಡದ್ದೆಲ್ಲ ಮುಕ್ತ ಎಂದುಕೊಳ್ಳದೆ ದೋಣಿಗಟ್ಟೆಯಲ್ಲಿ ವಿಚಾರಿಸಿ ಹೊರಡಬೇಕು. ದಂಡ ಬೀಳುತ್ತದೆ.

ಇಷ್ಟರ ನಡುವೆ ನದಿ ತಾನಾಗಿ ಕೆಲವು ಕಡೆ ದಂಡೆ ಕೊರೆದುಕೊಂಡಿದೆ. 2012ರಲ್ಲಿ ಬೊಹೀಮಿಯಾ ಬಳಿ ಮಾರ್ಡಿ ಗ್ರಾ ಪಾಸ್, ಈಚೆಗೆ ಬ್ಯೂರಸ್ ಎದುರಿನ ನೆಪ್ಚೂನ್ ಪಾಸ್. ಎರಡನೆಯದು 2022ರ ಹೊತ್ತಿಗೆ ಒಂದು ಲಕ್ಷ ಕ್ಯೂಸೆಕ್ ದಾಟಿತ್ತು, ಅಂದರೆ ರದ್ದಾದ ತೂಬಿಗಿಂತ ಹೆಚ್ಚು. ಹಡಗುದಾರಿಗೆ ನೀರು ಸಾಲದಾದೀತೆಂದು ಸೇನಾ ಎಂಜಿನಿಯರುಗಳು ಅದರ ಬಾಯಿಗೆ ಕಲ್ಲು ತುಂಬಿ ಹರಿವು ಮಿತಿಗೊಳಿಸಲು ಹೊರಟರು. ಅದರಾಚೆಯ ಕ್ವಾರಂಟೈನ್ ಬೇಯಲ್ಲಿ ಹೊಸ ದಿಣ್ಣೆ, ಅದರ ಮೇಲೆ ಹುಲ್ಲು, ಸುತ್ತ ಸಿಹಿನೀರು. ಬಾಸ್ ಹುಡುಕಿ ಅಲ್ಲಿಗೆ ಹೋಗುವವರು ಒಂದು ಎಚ್ಚರ ವಹಿಸಬೇಕು: ದಿಣ್ಣೆಗಳು ಪ್ರತಿ ಪ್ರವಾಹಕ್ಕೂ ಸರಿಯುತ್ತವೆ, ಕಳೆದ ವರ್ಷದ ಜಿಪಿಎಸ್ ಜಾಡು ನಂಬಿ ವೇಗವಾಗಿ ನುಗ್ಗಿದರೆ ದೋಣಿ ಮರಳು ಹತ್ತುತ್ತದೆ.